ಬಲೆ ತುಂಬ ನೊಣ, ಹಣ್ಣಿನೊಳಗೆ ಹುಳು: ಹಣ್ಣುನೊಣದ ಹತೋಟಿ ಎಲ್ಲಿ ತಪ್ಪುತ್ತಿದೆ ಎಂದು ಕಂಡುಹಿಡಿಯುವ ಬಗೆ

ರಾಸಾಯನಿಕ ಕೀಟನಾಶಕ ಸಿಂಪಡಿಸದೆ ಹಣ್ಣುನೊಣವನ್ನು ಹತೋಟಿಗೆ ತರಲು ಹೊರಟ ತೋಟಗಾರರಿಂದ ಪದೇ ಪದೇ ಕೇಳಿಬರುವ ದೂರು ಒಂದೇ: ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಕಟ್ಟಿದ್ದೇವೆ, ವಾರಕ್ಕೆ ನೂರಾರು ನೊಣ ಬೀಳುತ್ತಿವೆ, ಆದರೂ ಕೊಯ್ದ ಹಣ್ಣನ್ನು ಹೆಚ್ಚಿದರೆ ಒಳಗೆ ಹುಳು. ಇಷ್ಟಾದ ಮೇಲೆ ಕೆಲವರು ಬಲೆಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುತ್ತಾರೆ, ಇನ್ನು ಕೆಲವರು ಬಲೆಯೇ ಮೋಸವೆಂದು ತೀರ್ಮಾನಿಸಿ ಮತ್ತೆ ಸಿಂಪರಣೆಗೆ ಮರಳುತ್ತಾರೆ. ಎರಡೂ ಅವಸರದ ನಿರ್ಧಾರಗಳು. ಬಲೆಗೆ ಬೀಳುತ್ತಿರುವುದು ಗಂಡು, ಹಣ್ಣನ್ನು ಚುಚ್ಚುತ್ತಿರುವುದು ಹೆಣ್ಣು, ಮುಂದಿನ ತಲೆಮಾರು ತಯಾರಾಗುತ್ತಿರುವುದು ಮರದಡಿಯ ಮಣ್ಣಿನಲ್ಲಿ. ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸದೆ ದೋಷ ಎಲ್ಲಿದೆಯೆಂದು ಹೇಳಲಾಗದು.

ಮೊದಲು ಹಣ್ಣನ್ನು ಹೆಚ್ಚಿ ನೋಡಬೇಕು

ಹುಳು ಕಂಡೊಡನೆ ಅದನ್ನು ಹಣ್ಣುನೊಣದ ಲೆಕ್ಕಕ್ಕೆ ಸೇರಿಸುವುದು ತಪ್ಪು. ಮರದಿಂದ ಐದು, ನೆಲದಿಂದ ಐದು ಹಣ್ಣುಗಳನ್ನು ಆರಿಸಿಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು ಸಿಪ್ಪೆಯನ್ನು ಗಮನಿಸಿ. ಹೆಣ್ಣು ನೊಣ ಚುಚ್ಚಿದ ಜಾಗ ಗುಂಡುಸೂಜಿಯ ಮೊನೆಯಷ್ಟೇ ಇರುತ್ತದೆ. ಅದರ ಸುತ್ತ ಸಿಪ್ಪೆ ತುಸು ಕಪ್ಪಾಗಿಯೋ ನೀರು ಹೀರಿದಂತೆಯೋ ಕಾಣುತ್ತದೆ, ಕೆಲವೊಮ್ಮೆ ಅಲ್ಲಿಂದ ಅಂಟಿನ ಹನಿಯೊಂದು ಒಸರಿ ಒಣಗಿರುತ್ತದೆ. ಹರಿತವಾದ ಬ್ಲೇಡಿನಿಂದ ಆ ಚುಕ್ಕೆಯ ಮೇಲಿನ ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗೆ ಹೆರೆದರೆ ಕೆಳಗೊಂದು ಸಣ್ಣ ಪೊಳ್ಳು, ಅದರೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ, ತುಸು ಬಾಗಿದ ಬಿಳಿ ಮೊಟ್ಟೆಗಳು ಕಂತೆಯಾಗಿ ಕೂಡಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಬೆಚ್ಚನೆಯ ಹವೆಯಲ್ಲಿ ಇವು ಒಂದೆರಡು ದಿನಗಳಲ್ಲಿ ಒಡೆದು, ಹೊರಬಂದ ಮರಿಹುಳುಗಳು ತಿರುಳಿನೊಳಕ್ಕೆ ಇಳಿಯುತ್ತವೆ.

ಹಣ್ಣುನೊಣದ ಮರಿಹುಳುವಿಗೆ ಕಾಲುಗಳಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ಒಂದು ತುದಿ ಚೂಪು, ಇನ್ನೊಂದು ಮೊಂಡು, ಚೂಪಾದ ತುದಿಯಲ್ಲಿ ಬಾಯಿಯ ಕೊಕ್ಕೆಗಳು ಕಪ್ಪು ಗೆರೆಯಂತೆ ಕಾಣುತ್ತವೆ. ಪೂರ್ಣ ಬೆಳೆದಾಗ ಅದರ ಉದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಬೆಳೆದ ಹುಳುವನ್ನು ಒಣ ತಟ್ಟೆಯ ಮೇಲೆ ಹಾಕಿ ತುಸು ಕಾಯಿರಿ. ಅದು ತನ್ನ ಎರಡೂ ತುದಿಗಳನ್ನು ಸೇರಿಸಿ ಉಂಗುರದಂತೆ ಬಾಗಿ, ಬಿಗಿಹಿಡಿದು, ಒಮ್ಮೆಲೇ ಸಡಿಲಿಸಿಕೊಂಡು ಒಂದು ಗೇಣಿನಷ್ಟು ದೂರ ಚಿಮ್ಮುತ್ತದೆ. ತೋಟದಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ.

ಹುಳುವಿಗೆ ಕಂದು ಬಣ್ಣದ ಗಟ್ಟಿ ತಲೆಯಿದ್ದರೆ ಅದು ಹಣ್ಣುನೊಣದ್ದಲ್ಲ. ತಲೆಯ ಜೊತೆಗೆ ಕಾಲುಗಳೂ ಇದ್ದು ಹಿಕ್ಕೆ ಹೊರಗೆ ಕಾಣುತ್ತಿದ್ದರೆ ಅದು ಕಾಯಿ ಕೊರೆಯುವ ಪತಂಗದ ಮರಿ; ಮಾವಿನ ತಿರುಳು ಚೆನ್ನಾಗಿದ್ದು ವಾಟೆಯೊಳಗೆ ಮಾತ್ರ ಕಾಲಿಲ್ಲದ ದಪ್ಪ ಹುಳು ಇದ್ದರೆ ಅದು ವಾಟೆ ಕೊರೆಯುವ ಮೂತಿಹುಳು. ಸಿಪ್ಪೆಯ ಮೇಲೆ ತಗ್ಗಿದ ಕಪ್ಪು ಕಲೆಗಳಿದ್ದು ಕೆಳಗೆ ಮೊಟ್ಟೆಯ ಪೊಳ್ಳು ಇಲ್ಲದಿದ್ದರೆ ಚಿಬ್ಬು ರೋಗವನ್ನು ಸಂಶಯಿಸಬೇಕು. ಕೊಳೆತ ಹಣ್ಣಿನ ಸುತ್ತ ಹಾರಾಡುವ ಎರಡು ಮೂರು ಮಿಲಿಮೀಟರ್ ಗಾತ್ರದ, ಕೆಂಪು ಕಣ್ಣಿನ ಡ್ರೊಸೊಫಿಲಾ ನೊಣಗಳು ಬಹುಪಾಲು ಆಗಲೇ ಒಡೆದ ಅಥವಾ ಹುದುಗಿದ ಹಣ್ಣಿಗೆ ಬರುವಂಥವು. ಸುಜುಕೀ ಎಂಬ ಒಂದು ಪ್ರಭೇದ ಮಾತ್ರ ಮೆತ್ತನೆಯ ಸಿಪ್ಪೆಯ ಬೆರ್ರಿ ಹಣ್ಣುಗಳನ್ನು ಕೆಡದಿದ್ದಾಗಲೇ ಚುಚ್ಚಬಲ್ಲದು. ಇಲ್ಲಿ ಹೇಳಿದ ಯಾವ ಕೀಟವೂ ಹಣ್ಣುನೊಣದ ಮೋಹಕ ಬಲೆಗೆ ಬೀಳುವುದಿಲ್ಲವಾದ್ದರಿಂದ, ಗುರುತು ತಪ್ಪಿದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥ.

ಬಲೆ ಖಾಲಿ, ಹಣ್ಣಿನಲ್ಲಿ ಹುಳು

ಗುರುತು ಖಚಿತವಾಗಿದ್ದೂ ಬಲೆಯಲ್ಲಿ ನೊಣವಿಲ್ಲದಿದ್ದರೆ ದೋಷ ಬಲೆಯದ್ದು. ಮೊದಲು ನೋಡಬೇಕಾದದ್ದು ಮೋಹಕ ವಸ್ತು ಆ ನೊಣಕ್ಕೆ ಹೊಂದುತ್ತದೆಯೇ ಎಂಬುದನ್ನು. ಮೀಥೈಲ್ ಯೂಜಿನಾಲ್ ಎಂಬ ಮೋಹಕಕ್ಕೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್, ಕರೆಕ್ಟಾ, ಝೊನಾಟಾ ಪ್ರಭೇದಗಳ ಗಂಡುಗಳು ಬರುತ್ತವೆ. ಕುಂಬಳ ಜಾತಿಯ ಬೆಳೆಗಳನ್ನು ಕಾಡುವ ನೊಣ ಇದರತ್ತ ತಿರುಗಿಯೂ ನೋಡದು, ಅದಕ್ಕೆ ಕ್ಯೂ ಲ್ಯೂರ್ ಬೇಕು. ಮೆಡಿಟರೇನಿಯನ್ ಹಣ್ಣುನೊಣಕ್ಕೆ ಟ್ರೈಮೆಡ್‌ಲ್ಯೂರ್ ಬೇಕು. ಒಂದೇ ಬಲೆಯಲ್ಲಿ ಎರಡು ಮೋಹಕಗಳನ್ನು ಬೆರೆಸದೆ ಬೇರೆ ಬೇರೆ ಬಲೆಗಳಲ್ಲಿ ಇಡುವುದು ಲೇಸು.

ಮೋಹಕ ಸರಿಯಿದ್ದರೆ ಬಲೆಯನ್ನೇ ಕೆಳಗಿಳಿಸಿ ಪರಿಶೀಲಿಸಿ. ಮೋಹಕದ ತುಂಡು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಸೊರಗುತ್ತದೆ, ಸುಡುಬಿಸಿಲಿನಲ್ಲಿ ಇನ್ನೂ ಬೇಗ. ಬಲೆ ನೆರಳಿನಲ್ಲಿ, ಆಳೆತ್ತರದಲ್ಲಿ, ಗಾಳಿಯಾಡುವ ಕೊಂಬೆಯಲ್ಲಿರಬೇಕು; ಎಲೆಗಳು ಬಾಯಿಗೆ ತಾಗುತ್ತಿರಬಾರದು. ಇರುವೆಗಳು ಕಟ್ಟಿದ ದಾರದ ಮೂಲಕ ಇಳಿದು ಸತ್ತ ನೊಣಗಳನ್ನು ಹೊತ್ತೊಯ್ದರೆ ಚೆನ್ನಾಗಿ ಕೆಲಸ ಮಾಡುವ ಬಲೆಯೂ ಖಾಲಿಯಾಗಿಯೇ ಕಾಣುತ್ತದೆ. ತಳದಲ್ಲಿ ಉದುರಿದ ರೆಕ್ಕೆ ಕಾಲುಗಳ ಚೂರುಗಳಿದ್ದರೆ ಕಾರಣ ಇದೇ. ದಾರಕ್ಕೆ ಗ್ರೀಸ್ ಸವರಿದರೆ ಸಮಸ್ಯೆ ನಿಲ್ಲುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ. ತುಂಡನ್ನು ಬದಲಿಸುವಾಗ ಮೋಹಕದ ಹನಿ ಬಲೆಯ ಹೊರಮೈಗೆ ತಾಗಿದರೆ ನೊಣಗಳು ಹೊರಗೇ ಕುಳಿತು ಅದನ್ನು ನೆಕ್ಕುತ್ತವೆ, ಒಳಹೋಗುವ ಗೋಜಿಗೆ ಹೋಗುವುದಿಲ್ಲ. ಬೆಳಗಿನ ಹೊತ್ತು ಬಲೆಯ ಹೊರಗೋಡೆಯ ಮೇಲೆ ನೊಣಗಳು ಸಾಲಾಗಿ ಕುಳಿತಿದ್ದರೆ ಬಲೆಯನ್ನು ಸೋಪಿನಿಂದ ತೊಳೆದು ಒಣಗಿಸಿ ಮತ್ತೆ ಕಟ್ಟಬೇಕು. ಮೀಥೈಲ್ ಯೂಜಿನಾಲನ್ನು ಬರಿಗೈಯಿಂದ ಮುಟ್ಟಬಾರದು. ಕ್ಯಾನ್ಸರ್‌ಕಾರಕವಾಗಿರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಕೈಗವಸು ಧರಿಸಿಯೇ ಕೆಲಸ ಮಾಡಬೇಕು, ತೆಗೆದ ಹಳೆಯ ತುಂಡುಗಳನ್ನು ತೋಟದಲ್ಲೇ ಎಸೆಯಬಾರದು.

ಬಲೆ ತುಂಬಿದ್ದೂ ಹಣ್ಣು ಹಾಳಾಗುವುದೇಕೆ

ಸುವಾಸನೆಯ ಹುಲ್ಲಿನಿಂದ ತೆಗೆಯುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಎಫ್. ಎಂ. ಹೌಲೆಟ್ 1912ರಲ್ಲಿ ವರದಿ ಮಾಡಿದಾಗಲೇ ಬಂದವುಗಳೆಲ್ಲ ಗಂಡುಗಳೆಂಬುದನ್ನು ಗಮನಿಸಿದ್ದರು. ಆ ಸೆಳೆತಕ್ಕೆ ಕಾರಣ ಮೀಥೈಲ್ ಯೂಜಿನಾಲ್ ಎಂಬುದು 1915ರ ಹೊತ್ತಿಗೆ ಗೊತ್ತಾಯಿತು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಆದ್ದರಿಂದ ನೂರರಲ್ಲಿ ಎಂಬತ್ತು ಗಂಡುಗಳನ್ನು ಹಿಡಿದರೂ ಉಳಿದ ಇಪ್ಪತ್ತು ಗಂಡುಗಳೇ ಹೆಣ್ಣುಗಳಿಗೆ ಸಾಲುತ್ತವೆ. ಬೇಲಿಯಾಚೆಯಿಂದ ಆಗಲೇ ಕೂಡಿ ಬಂದ ಹೆಣ್ಣಿಗಂತೂ ನಿಮ್ಮ ಬಲೆಯಿಂದ ಯಾವ ತೊಂದರೆಯೂ ಇಲ್ಲ.

ಗಂಡುಗಳನ್ನು ಹಿಡಿದೇ ನೊಣವನ್ನು ನಿರ್ಮೂಲ ಮಾಡಿದ ನಿದರ್ಶನವಿದೆ. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಸಮೂಹದ ರೋಟಾ ದ್ವೀಪದಲ್ಲಿ 1960ರ ದಶಕದ ಆರಂಭದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ನಾರಿನ ತುಂಡುಗಳನ್ನು ವಿಮಾನದಿಂದ ಮತ್ತೆ ಮತ್ತೆ ಉದುರಿಸಿ ಡಾರ್ಸಾಲಿಸ್ ನೊಣವನ್ನು ಪೂರ್ತಿ ಇಲ್ಲವಾಗಿಸಲಾಯಿತು. ಆದರೆ ಅದು ಸುತ್ತ ಸಮುದ್ರವಿರುವ ದ್ವೀಪ. ಒಂದು ಮೂಲೆಯೂ ಬಿಡದಂತೆ ಎಲ್ಲೆಡೆ ಒಂದೇ ಕಾಲಕ್ಕೆ ಕೆಲಸ ನಡೆದಿತ್ತು, ಹೊರಗಿನಿಂದ ಹೊಸ ನೊಣ ಬರುವ ದಾರಿಯಿರಲಿಲ್ಲ. ಸುತ್ತಲೂ ತೆರೆದಿರುವ ತೋಟಕ್ಕೆ ಈ ಫಲಿತಾಂಶವನ್ನು ನಿರೀಕ್ಷಿಸುವುದೇ ನಿರಾಶೆಯ ಮೊದಲ ಕಾರಣ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಡಾರ್ಸಾಲಿಸ್ ಗಂಡು ಮೀಥೈಲ್ ಯೂಜಿನಾಲನ್ನು ತಿಂದು, ಅದನ್ನು ದೇಹದೊಳಗೆ ಮಾರ್ಪಡಿಸಿ, ಹೆಣ್ಣನ್ನು ಸೆಳೆಯುವ ಗಂಧವಾಗಿ ಬಳಸಿಕೊಳ್ಳುತ್ತದೆ. ಹಾಗೆ ತಿಂದ ಗಂಡಿಗೆ ಕೂಡುವಿಕೆಯಲ್ಲಿ ಮೇಲುಗೈ. ಅಂದಮೇಲೆ ನೊಣವನ್ನು ಕರೆದು, ಉಣಿಸಿ, ಕೊಲ್ಲದೆ ಬಿಡುವ ಬಲೆ ನಿಷ್ಪ್ರಯೋಜಕ ಮಾತ್ರವಲ್ಲ, ಹಾನಿಕರವೂ ಹೌದು. ಮಾರಾಟಕ್ಕೆ ಸಿಗುವ ಹಲವು ಮೋಹಕ ತುಂಡುಗಳಲ್ಲಿ ಕೀಟನಾಶಕವನ್ನೂ ಸೇರಿಸಿರುತ್ತಾರೆ. ಅದು ಬಲೆಯೊಳಗೇ ಇದ್ದು ಹಣ್ಣಿಗೆ ತಾಗುವುದಿಲ್ಲವಾದರೂ ಸಾವಯವ ದೃಢೀಕರಣ ಪಡೆದವರು ಚೀಟಿಯನ್ನು ಓದಿಯೇ ಕೊಳ್ಳಬೇಕು. ಕೀಟನಾಶಕವಿಲ್ಲದ ಬಲೆಯನ್ನು ಬಳಸುವವರು ಒಳಬಂದ ನೊಣ ಹೊರಹೋಗದಂತೆ ಲಾಳಿಕೆಯಾಕಾರದ ಬಾಯಿಯಿರುವುದನ್ನು ಆರಿಸಿ, ತಳದಲ್ಲಿ ಸೋಪಿನ ನೀರು ಬತ್ತದಂತೆ ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ಹೆಕ್ಟೇರಿಗೆ ಹತ್ತರಿಂದ ಹದಿನೈದು ಬಲೆಗಳು ಸಾಕು, ಆದರೆ ಅವನ್ನು ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ ಕಟ್ಟಬೇಕು. ಹಣ್ಣು ಬಣ್ಣ ತಿರುಗಿದ ಮೇಲೆ ಕಟ್ಟಿದ ಬಲೆ ಆಗಿಹೋದ ನಷ್ಟವನ್ನು ಎಣಿಸಿ ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ.

ನನ್ನ ದೃಷ್ಟಿಯಲ್ಲಿ ಮೋಹಕ ಬಲೆಯ ಮುಖ್ಯ ಉಪಯೋಗ ಅಳತೆ. ಪ್ರತಿ ವಾರ ಒಂದೇ ದಿನ ಎಣಿಸಿ ಬರೆದಿಟ್ಟರೆ ನೊಣ ಯಾವಾಗ ಏರುತ್ತಿದೆ, ತೋಟದ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಗೊತ್ತಾಗುತ್ತದೆ.

ಮಣ್ಣನ್ನು ಕೆದಕಿ ನೋಡಿ

ಈಗ ಮರದಡಿಗೆ ಬನ್ನಿ. ಹೆಚ್ಚಿನ ತೋಟಗಳಲ್ಲಿ ನಿಜವಾದ ದೋಷ ಸಿಗುವುದು ಇಲ್ಲಿಯೇ. ತುಂಬ ಹಣ್ಣು ಉದುರಿದ ಮರವೊಂದರ ನೆರಳಿನಲ್ಲಿ ಒಂದು ಅಡಿ ಚೌಕದಷ್ಟು ಜಾಗದ ತರಗೆಲೆಯನ್ನು ಸರಿಸಿ, ಮೂರು ಬೆರಳಿನಷ್ಟು ಆಳದವರೆಗಿನ ಮಣ್ಣನ್ನು ತೆಗೆದು ಜರಡಿಯಾಡಿ. ಗೋಧಿ ಕಾಳಿಗಿಂತ ತುಸು ಚಿಕ್ಕದಾದ, ಪೀಪಾಯಿಯಂತೆ ದುಂಡಗಿರುವ, ಹಳದಿ ಮಿಶ್ರಿತ ಕಂದು ಬಣ್ಣದ ಗಟ್ಟಿ ಕೋಶಗಳು (ಹುಳು ನೊಣವಾಗಿ ಮಾರ್ಪಡುವ ಗೂಡುಗಳು) ಜರಡಿಯಲ್ಲಿ ಉಳಿದರೆ ನಿಮ್ಮ ನೊಣಗಳು ಅಲ್ಲಿಯೇ ಹುಟ್ಟುತ್ತಿವೆ. ಕೋಶದ ಒಂದು ತುದಿ ಮುಚ್ಚಳ ತೆಗೆದಂತೆ ತೆರೆದಿದ್ದರೆ ನೊಣ ಹಾರಿಹೋಗಿದೆ; ಮುಚ್ಚಿದ್ದರೆ ಇನ್ನೂ ಒಳಗಿದೆ. ತೆರೆದವೇ ಹೆಚ್ಚಿದ್ದರೆ ಬಿದ್ದ ಹಣ್ಣನ್ನು ಆರಿಸುವ ಕೆಲಸ ವಾರಗಟ್ಟಲೆ ತಡವಾಗಿ ನಡೆಯುತ್ತಿದೆ ಎಂದರ್ಥ.

ಆರಿಸುತ್ತಿದ್ದೇವಲ್ಲ ಎನ್ನುವವರು ಎಷ್ಟು ದಿನಕ್ಕೊಮ್ಮೆ ಆರಿಸುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು. ಮರಿಹುಳು ಹಣ್ಣಿನೊಳಗೆ ಇರುವುದೇ ಒಂದು ವಾರದಿಂದ ಹತ್ತು ದಿನ. ಹಣ್ಣು ಉದುರುವ ಹೊತ್ತಿಗೆ ಅದರಲ್ಲಿ ಬಹುಭಾಗ ಮುಗಿದಿರುತ್ತದೆ. ನೆಲಕ್ಕೆ ಬಿದ್ದ ಒಂದೆರಡು ದಿನಗಳಲ್ಲಿ ಬೆಳೆದ ಹುಳುಗಳು ಹೊರಬಿದ್ದು ಮಣ್ಣು ಸೇರುವುದರಿಂದ ವಾರಕ್ಕೊಮ್ಮೆ ಹಣ್ಣು ಎತ್ತುವುದು ಬಿಡಾರ ಬಿಟ್ಟುಹೋದ ಮನೆಗೆ ಬೀಗ ಹಾಕಿದಂತೆ. ಹಣ್ಣು ಉದುರುವ ಕಾಲದಲ್ಲಿ ಎರಡು ದಿನಕ್ಕೊಮ್ಮೆ, ಸಾಧ್ಯವಾದರೆ ದಿನವೂ ಎತ್ತಬೇಕು. ಕೊಯ್ಲು ಮುಗಿದ ಮೇಲೆ ಮರದ ತುದಿಯಲ್ಲಿ ಉಳಿದ ನಾಲ್ಕು ಹಣ್ಣುಗಳನ್ನೂ ಇಳಿಸಬೇಕು.

ಎತ್ತಿದ ಹಣ್ಣನ್ನು ಏನು ಮಾಡುತ್ತೀರಿ ಎಂಬುದು ಅಷ್ಟೇ ಮುಖ್ಯ. ತಿಪ್ಪೆಗೆ ಎಸೆದರೆ, ಬೇಲಿಯಾಚೆ ಸುರಿದರೆ, ಒಂದು ಮೊಳದ ಗುಂಡಿಯಲ್ಲಿ ಹಾಕಿ ಸಡಿಲ ಮಣ್ಣು ಎಳೆದರೆ, ತೋಟದಲ್ಲಿ ಚದುರಿದ್ದ ನೊಣದ ಸಂಸಾರವನ್ನು ಒಂದೆಡೆ ಸೇರಿಸಿ ಸಾಕಿದಂತಾಗುತ್ತದೆ. ಕೋಶದಿಂದ ಹೊರಬಂದ ನೊಣ ಸಡಿಲ ಮಣ್ಣನ್ನು ಸೀಳಿಕೊಂಡು ಮೇಲೆ ಬರಬಲ್ಲದು. ಹೂಳುವುದಾದರೆ ಹಣ್ಣಿನ ಮೇಲೆ ಕನಿಷ್ಠ ಎರಡು ಅಡಿ ಮಣ್ಣು ಬಿದ್ದು ಚೆನ್ನಾಗಿ ತುಳಿದು ಗಟ್ಟಿಯಾಗಿರಬೇಕು. ಇದಕ್ಕಿಂತ ಹಗುರವಾದ ಉಪಾಯವೆಂದರೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಣ್ಣು ತುಂಬಿ, ಬಾಯಿ ಬಿಗಿದು, ಎರಡು ವಾರ ಬಿಸಿಲಿನಲ್ಲಿಡುವುದು. ಚೀಲದಲ್ಲಿ ತೂತಿದ್ದರೆ ಹುಳುಗಳು ಅಲ್ಲಿಂದಲೇ ಹೊರಬೀಳುತ್ತವೆಯಾದ್ದರಿಂದ ಚೀಲವನ್ನು ಮೊದಲೇ ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು.

ಸಂಶಯವಿದ್ದರೆ ಬಕೆಟ್ ಪರೀಕ್ಷೆ ಮಾಡಿ. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳಷ್ಟು ತೇವದ ಮರಳು ಹರಡಿ, ಮೇಲೆ ಹತ್ತು ಬಿದ್ದ ಹಣ್ಣುಗಳನ್ನಿಟ್ಟು, ಬಾಯಿಗೆ ತೆಳುಬಟ್ಟೆ ಬಿಗಿದು ನೆರಳಿನಲ್ಲಿಡಿ. ಹತ್ತು ದಿನಗಳ ನಂತರ ಮರಳನ್ನು ಜರಡಿ ಹಿಡಿದು ಕೋಶಗಳನ್ನು ಎಣಿಸಿ, ಮತ್ತೆ ಬಕೆಟ್ಟಿಗೇ ಹಾಕಿ ಮುಚ್ಚಿ. ಮೂರನೆಯ ವಾರದ ಹೊತ್ತಿಗೆ ಬಟ್ಟೆಯ ಒಳಮೈಯಲ್ಲಿ ನೊಣಗಳು ಕಾಣಿಸಿಕೊಳ್ಳುತ್ತವೆ. ಬಾಲದ ತುದಿ ಸೂಜಿಯಂತೆ ಚೂಪಾಗಿರುವುದು ಹೆಣ್ಣು, ಮೊಂಡಾಗಿರುವುದು ಗಂಡು. ಹತ್ತು ಹಣ್ಣುಗಳಿಂದ ಎಷ್ಟು ಹೆಣ್ಣು ಬಂದವೆಂದು ಎಣಿಸಿ, ಅದನ್ನು ನಿಮ್ಮ ತೋಟದಲ್ಲಿ ದಿನಕ್ಕೆ ಉದುರುವ ಹಣ್ಣುಗಳ ಲೆಕ್ಕದೊಡನೆ ಹೋಲಿಸಿ ನೋಡಿ.

ಬಕೆಟ್ಟಿನಲ್ಲಿ ನೊಣಗಳ ಜೊತೆ ಉದ್ದ ಮೀಸೆಯ ಸಣ್ಣ ಕಣಜಗಳೂ ಕಂಡರೆ ಅವನ್ನು ಕೊಲ್ಲಬೇಡಿ. ಅವು ನೊಣದ ಮೊಟ್ಟೆ ಅಥವಾ ಮರಿಯೊಳಗೆ ಬೆಳೆದು ಬಂದ ಪರಾವಲಂಬಿಗಳು. ಹವಾಯಿಯಲ್ಲಿ 1940ರ ದಶಕದ ಕೊನೆಯಲ್ಲಿ ತಂದುಬಿಟ್ಟ ಫೋಪಿಯಸ್ ಅರಿಸಾನಸ್ ಎಂಬ ಕಣಜ ಅಲ್ಲಿ ನೆಲೆಯೂರಿ ಇಂದಿಗೂ ಕೆಲಸ ಮಾಡುತ್ತಿದೆ. ಬಿದ್ದ ಹಣ್ಣನ್ನು ಹಾಕಲು ಅಲ್ಲಿ ಒಂದು ಡೇರೆಯನ್ನೂ ರೂಪಿಸಿದರು. ಅದರ ಜಾಲರಿಯಲ್ಲಿ ಕಣಜ ನುಸುಳಿ ಹೊರಹೋಗಬಲ್ಲದು, ನೊಣಕ್ಕೆ ಮಾತ್ರ ದಾರಿಯಿಲ್ಲ. ನೊಣವನ್ನು ಕೂಡಿಹಾಕಿ ಅದರ ಶತ್ರುವನ್ನು ತೋಟಕ್ಕೆ ಬಿಟ್ಟುಕೊಡುವ ಈ ಉಪಾಯ ನನಗೆ ಬಹಳ ಹಿಡಿಸಿದೆ.

ಮರದಡಿಯ ಮಣ್ಣನ್ನು ಮೇಲುಮೇಲೆ ಕೆದಕಿದರೆ ಕೋಶಗಳು ಬಿಸಿಲಿಗೂ ಇರುವೆ ಹಕ್ಕಿಗಳ ಬಾಯಿಗೂ ಸಿಗುತ್ತವೆ. ಆಳವಾಗಿ ಉಳುವ ಅಗತ್ಯವಿಲ್ಲ; ಅದರಿಂದ ಬೇರಿಗೆ ಪೆಟ್ಟು.

ಹೆಣ್ಣನ್ನು ತಡೆಯುವ ಕೆಲಸ

ಮಣ್ಣು ಚೊಕ್ಕಟವಾಗಿದ್ದೂ ಹಣ್ಣಿನಲ್ಲಿ ಹೊಸ ಚುಚ್ಚುಗಳು ಕಂಡರೆ ಹೆಣ್ಣುಗಳು ಹೊರಗಿನಿಂದ ಬರುತ್ತಿವೆ. ಕೋಶದಿಂದ ಬಂದ ಹೆಣ್ಣಿಗೆ ಮೊಟ್ಟೆ ಬಲಿಯಲು ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಆ ಅವಧಿಯಲ್ಲಿ ಅದಕ್ಕೆ ಪ್ರೋಟೀನ್ ಆಹಾರ ಬೇಕು. ಯೀಸ್ಟಿನಿಂದ ತಯಾರಿಸಿದ ದ್ರವದ ಬಲೆಗಳು ಕೆಲಸ ಮಾಡುವುದು ಈ ಹಸಿವಿನ ಮೇಲೆ. ಇವು ಮೋಹಕ ಬಲೆಯಂತೆ ದೂರದಿಂದ ಸೆಳೆಯಲಾರವು, ದ್ರವವನ್ನು ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕು, ಬೇರೆ ಕೀಟಗಳೂ ಬೀಳುತ್ತವೆ; ಆದರೂ ಹೆಣ್ಣನ್ನು ಹಿಡಿಯುವುದು ಇವೇ ಆದ್ದರಿಂದ ತೋಟದ ಅಂಚಿನ ಸಾಲಿನಲ್ಲಿ ಒತ್ತೊತ್ತಾಗಿ ಕಟ್ಟುವುದು ಸಾರ್ಥಕ.

ಕಾಗದದ ಚೀಲ ತೊಡಿಸುವುದು ಶ್ರಮದ ಕೆಲಸ, ಆದರೆ ನನಗೆ ಗೊತ್ತಿರುವ ಉಪಾಯಗಳಲ್ಲಿ ಅತ್ಯಂತ ಭರವಸೆಯದು. ಚೀಲ ತೊಡಿಸಿದ ಹಣ್ಣಿನಲ್ಲೂ ಹುಳು ಬಂದರೆ ಕಾರಣಗಳು ಮೂರೇ. ಚೀಲ ತೊಡಿಸುವ ಮೊದಲೇ ಮೊಟ್ಟೆ ಬಿದ್ದಿರುತ್ತದೆ. ಅಥವಾ ತೊಟ್ಟಿನ ಬಳಿ ಕಟ್ಟು ಸಡಿಲವಾಗಿರುತ್ತದೆ. ಅಥವಾ ಬೆಳೆದ ಹಣ್ಣು ಚೀಲದ ಗೋಡೆಗೆ ಒತ್ತಿಕೊಂಡು, ನೊಣ ಕಾಗದದ ಮೇಲಿಂದಲೇ ಚುಚ್ಚಿರುತ್ತದೆ. ಚುಚ್ಚಿದ ಗುರುತು ಹಣ್ಣಿನ ಯಾವ ಭಾಗದಲ್ಲಿದೆ ಎಂದು ನೋಡಿದರೆ ಮೂರರಲ್ಲಿ ಯಾವುದೆಂದು ತಿಳಿಯುತ್ತದೆ. ಕಾಯಿ ಎಳೆಯದಾಗಿರುವಾಗಲೇ ದೊಡ್ಡ ಚೀಲವನ್ನು ತೊಡಿಸಿದರೆ ಮೊದಲನೆಯ ಮತ್ತು ಮೂರನೆಯ ದೋಷಗಳು ತಪ್ಪುತ್ತವೆ.

ಎತ್ತರದ ಮರಗಳಿಗೆ ಚೀಲ ಸಾಧ್ಯವಿಲ್ಲ. ಅಲ್ಲಿ ಹಣ್ಣು ಬಲಿತ ಕೂಡಲೇ ಕೊಯ್ಯುವುದರಿಂದ ಅರ್ಧ ನಷ್ಟ ತಪ್ಪೀತು, ಏಕೆಂದರೆ ಹೆಣ್ಣು ಹೆಚ್ಚಾಗಿ ಅರಸುವುದು ಮಾಗುವ ಹಣ್ಣನ್ನು. ಬೇವಿನ ಕಷಾಯ ನೊಣವನ್ನು ಕೆಲಕಾಲ ದೂರವಿಡುತ್ತದೆಯಾದರೂ ಅದನ್ನೊಂದನ್ನೇ ನೆಚ್ಚಿಕೊಳ್ಳಲಾಗದು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳು ಮರದಲ್ಲಿದ್ದರೆ ಅವನ್ನು ಓಡಿಸುವ ಮೊದಲು ಯೋಚಿಸಿ: ಇದೇ ಗುಂಪಿನ ಇರುವೆಗಳಿರುವ ಮಾವಿನ ಮರಗಳಲ್ಲಿ ಹಣ್ಣುನೊಣದ ಹಾವಳಿ ಕಡಿಮೆಯೆಂಬುದನ್ನು ಆಫ್ರಿಕಾದ ಬೆನಿನ್ ದೇಶದ ತೋಟಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಇರುವೆಗಳು ಓಡಾಡಿದ ಹಣ್ಣಿನ ಮೇಲೆ ಮೊಟ್ಟೆಯಿಡಲು ಹೆಣ್ಣು ಹಿಂಜರಿಯುತ್ತದೆ. ಕೊಯ್ಯುವವರಿಗೆ ಕಡಿತದ ತೊಂದರೆ ಇರುವುದು ನಿಜ.

ಬೇಲಿಯಾಚೆ

ಡಾರ್ಸಾಲಿಸ್ ನೊಣ 300ಕ್ಕೂ ಹೆಚ್ಚು ಬಗೆಯ ಸಸ್ಯಗಳ ಹಣ್ಣುಗಳಲ್ಲಿ ಬೆಳೆಯಬಲ್ಲದು. ನಿಮ್ಮ ಬೆಳೆಯ ಕಾಲ ಮುಗಿದಾಗ ಅದು ಹಸಿದು ಸಾಯುವುದಿಲ್ಲ. ಪಕ್ಕದಲ್ಲಿ ಯಾರೂ ಗಮನಿಸದ ಒಂಟಿ ಸೀಬೆ ಮರದಲ್ಲೋ ಕಾಡುಗಿಡದಲ್ಲೋ ದಿನ ತಳ್ಳಿ ಮತ್ತೆ ಬರುತ್ತದೆ. ಬಲೆಗಳ ಲೆಕ್ಕದಲ್ಲಿ ಒಂದು ಅಂಚಿನ ಬಲೆ ಸದಾ ಮುಂದಿದ್ದರೆ ಆ ದಿಕ್ಕಿನಲ್ಲಿ ನಡೆದು ಹುಡುಕಿ. ಜಪಾನಿನ ದಕ್ಷಿಣ ದ್ವೀಪಗಳಲ್ಲಿ ಬಂಜೆ ಮಾಡಿದ ನೊಣಗಳನ್ನು ಬಿಟ್ಟು 1993ರ ವೇಳೆಗೆ ಕುಂಬಳ ಜಾತಿಯ ನೊಣವನ್ನು ನಿರ್ಮೂಲ ಮಾಡಿದಾಗ ಅದರ ಹಿಂದೆ ಎರಡು ದಶಕಗಳ ದುಡಿಮೆಯಿತ್ತು, ಇಡೀ ಪ್ರದೇಶ ಒಟ್ಟಾಗಿ ನಿಂತಿತ್ತು. ಅಷ್ಟು ದೊಡ್ಡ ಯೋಜನೆ ಒಬ್ಬರ ಕೈಲಾಗದು. ಆದರೆ ಅಕ್ಕಪಕ್ಕದ ನಾಲ್ಕೈದು ತೋಟದವರು ಒಂದೇ ವಾರದಲ್ಲಿ ಬಲೆ ಕಟ್ಟಿ, ಎಲ್ಲರೂ ಬಿದ್ದ ಹಣ್ಣು ಎತ್ತುವುದು ಸಾಧ್ಯವಿರುವ ಕೆಲಸ.

ಕೊಯ್ಲಾದ ಮೇಲೆ ಮತ್ತು ಫಲ ಅಳೆಯುವಾಗ

ಕೊಯ್ಯುವಾಗ ಚೆನ್ನಾಗಿದ್ದ ಹಣ್ಣು ನಾಲ್ಕು ದಿನಕ್ಕೆ ಹುಳುವಾದರೆ ಕೊಠಡಿಯನ್ನು ದೂರಬೇಡಿ. ಮೊಟ್ಟೆ ತೋಟದಲ್ಲೇ ಬಿದ್ದಿತ್ತು. ರಫ್ತಿನ ಮಾವಿಗೆ ಬಿಸಿನೀರಿನ ಉಪಚಾರ ಇದಕ್ಕಾಗಿಯೇ ಇದೆ: ಅಮೆರಿಕದ ನಿಯಮಗಳ ಪ್ರಕಾರ 46.1 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಹಣ್ಣಿನ ತೂಕಕ್ಕೆ ತಕ್ಕಂತೆ 65ರಿಂದ 110 ನಿಮಿಷ. ಮನೆಯ ಹಂಡೆಯಲ್ಲಿ ಅಂದಾಜಿನ ಮೇಲೆ ಮಾಡಿದರೆ ಹುಳು ಉಳಿಯುತ್ತದೆ, ಇಲ್ಲವೇ ಹಣ್ಣು ಬೇಯುತ್ತದೆ.

ಯಾವುದೇ ಬದಲಾವಣೆ ಮಾಡಿದ ಮರುವಾರವೇ ಫಲ ಕಾಣುವುದಿಲ್ಲ. ಮೊಟ್ಟೆಯಿಂದ ಮುಂದಿನ ಮೊಟ್ಟೆಯವರೆಗೆ ಬೆಚ್ಚನೆಯ ಹವೆಯಲ್ಲೂ ಒಂದು ತಿಂಗಳು ಅಥವಾ ತುಸು ಹೆಚ್ಚು ಬೇಕು. ಇಂದು ಎತ್ತಿದ ಹಣ್ಣಿನ ಪರಿಣಾಮ ಹಣ್ಣಿನ ಮೇಲೆ ತೋರುವುದು ಆಮೇಲೆಯೇ. ಪ್ರತಿ ವಾರ ಬೇರೆ ಬೇರೆ ಮರಗಳಿಂದ ನೂರು ಹಣ್ಣು ಆಯ್ದು ಚುಚ್ಚಿದವೆಷ್ಟು ಎಂದು ಎಣಿಸಿ, ಅದರ ಪಕ್ಕದಲ್ಲಿ ಬಲೆಯ ಲೆಕ್ಕವನ್ನೂ ಬರೆಯಿರಿ. ತಿಂಗಳ ನಂತರ ಮರದಡಿಯ ಮಣ್ಣನ್ನು ಮತ್ತೆ ಜರಡಿಯಾಡಿ. ಕೋಶಗಳು ಕಡಿಮೆಯಾಗಿ ಚುಚ್ಚಿದ ಹಣ್ಣೂ ಕಡಿಮೆಯಾಗಿದ್ದರೆ ಬಲೆಗೆ ಎಷ್ಟೇ ಗಂಡು ಬೀಳುತ್ತಿದ್ದರೂ ಚಿಂತೆ ಬೇಡ. ಕೋಶಗಳು ಕಡಿಮೆಯಾಗಿದ್ದೂ ಚುಚ್ಚಿದ ಹಣ್ಣಿನ ಲೆಕ್ಕ ಇಳಿಯದಿದ್ದರೆ ನಿಮ್ಮ ನೆಲದ ಕೆಲಸ ಸರಿಯಾಗಿದೆ, ನೊಣ ಬರುತ್ತಿರುವುದು ಹೊರಗಿನಿಂದ. ಜರಡಿಯನ್ನು ಎತ್ತಿಕೊಂಡು ಬೇಲಿಯಾಚೆಯ ಮರದಡಿಗೆ ಹೋಗಿ.